ನಾನು ಹಾಕದ ಮಾತು

ಫೆಬ್ರವರಿ 3, ಸೋಮವಾರ

ಇವರ ಕುತ್ತಿಗೆಯ ಬಟ್ಟೆ ಬದಲಿಸಿದ್ದಾಯಿತು. ಸೂಪ್ ಆಯಿತು. ಮಾತ್ರೆ ಆಯಿತು. ಲ್ಯಾಪ್‌ಟಾಪ್ ಚಾರ್ಜಿಗೆ ಹಾಕಿ ಬಟ್ಟೆ ಒಣಹಾಕಲು ಬಾಲ್ಕನಿಗೆ ಹೋದೆ. ಕೈಯಲ್ಲಿ ಒದ್ದೆ ಟವೆಲ್. ಒಳಗಿನಿಂದ ಇವರ ದನಿ —

"ಇಲ್ಲೇ ಇರು. ಎಲ್ಲಿಗೂ ಹೋಗ್ಬೇಡ."

ಮೆಲ್ಲಗೆ. ಪಕ್ಕದಲ್ಲಿ ಕೂತವರಿಗೆ ಹೇಳುವ ಹಾಗೆ.

ಒಳಗೆ ಬಂದೆ. ಬೇರೆ ಯಾರೂ ಇಲ್ಲ. ಲ್ಯಾಪ್‌ಟಾಪ್ ಮುಚ್ಚಿತ್ತು. ಇವರು ಕಿಟಕಿಯಾಚೆ ನೋಡುತ್ತಿದ್ದರು. ಆಚೆ ಇರುವುದು ಎದುರು ಕಟ್ಟಡದ ಗೋಡೆ. ಅದರಲ್ಲಿ ನೋಡುವಂಥದ್ದು ಏನಿದೆಯೋ.

"ಏನ್ರೀ ಅದು? ಏನೋ ಹೇಳಿದ ಹಾಗಿತ್ತು?"

ಲ್ಯಾಪ್‌ಟಾಪ್ ತೆರೆದರು. ಏನನ್ನೋ ಮುಚ್ಚಿದರು, ಏನನ್ನೋ ತೆರೆದರು, ಕೊನೆಗೆ ಒಂದು ಬಟನ್ ಒತ್ತಿದರು. "ಏನಿಲ್ಲ," ಎಂದಿತು ಇವರದೇ ದನಿ.

ಆ ಬಟನ್ ಹಾಕಿಕೊಟ್ಟವಳು ನಾನೇ. ಒಳ್ಳೆ ಕೆಲಸ ಮಾಡಿದೆ.

ಗಂಟಲ ಆಪರೇಷನ್ನಿಗೆ ಮುಂಚೆ ದಿನಾ ಸಂಜೆ ಇಬ್ಬರೂ ಕೂತು ರೆಕಾರ್ಡ್ ಮಾಡಿದ ಮಾತುಗಳು ಇವು. ದನಿಪೆಟ್ಟಿಗೆ ತೆಗೆದ ಮೇಲೆ ಇನ್ನು ಇವರ ದನಿ ಅಂತ ಇರುವುದು ಇಷ್ಟೇ, ಎಂದಿದ್ದರು ಡಾಕ್ಟರು. ಪ್ರೋಗ್ರಾಂ ನಾನು ಬರೆದೆ. ಬಟನ್ ಒತ್ತಿದರೆ ಮಾತು. ನೀರು, ನೋವು, ಸಾಕು, ಸರಿ, ಥ್ಯಾಂಕ್ಸ್. ಯಾವ ಮಾತು ಬೇಕು ಅಂತ ಯೋಚಿಸಿದವಳು ನಾನು. ಒಂದೊಂದರ ಹೆಸರನ್ನೂ ಟೈಪ್ ಮಾಡಿದವಳು ನಾನು.

"ಇಲ್ಲೇ ಇರು" ನಾನು ಹಾಕಿಲ್ಲ.


ಫೆಬ್ರವರಿ 4, ಮಂಗಳವಾರ

ಇವರು ಸ್ನಾನಕ್ಕೆ ಹೋದಾಗ ಪ್ರೋಗ್ರಾಂ ಇರುವ ಫೋಲ್ಡರ್ ಜಾಲಾಡಿದೆ. ಇಲ್ಲ. ಎಲ್ಲಾ ಬಟನ್ ಒತ್ತಿ ನೋಡಿದೆ. ನನ್ನ ಮಾತುಗಳೇ. ಅಲ್ಲ, ಇವರ ಮಾತುಗಳೇ... ನಾನು ಹಾಕಿದವು.

ಹಾಗಾದರೆ ಕೇಳಿದ್ದು ಏನು? ಭ್ರಮೆಯಾ? ಆ ದನಿಯಲ್ಲಿ ಇವರು ನನ್ನ ಹತ್ತಿರ ಮಾತಾಡಿ ಎಷ್ಟು ಕಾಲವಾಯಿತು. ಭ್ರಮೆಗೂ ಅಷ್ಟು ಚೆನ್ನಾಗಿ ನೆನಪಿರಲಾರದು.

ಆಫೀಸಿನಲ್ಲಿ ಟೀ ಹೊತ್ತಿಗೆ ಜರಡಿಯನ್ನು ಕೇಳಿದೆ. ಜರಡಿ ನಮ್ಮ ಟೆಸ್ಟರ್. ಇಡೀ ಆಫೀಸಿನಲ್ಲಿ ನನಗಿರುವ ಒಬ್ಬಳೇ ಗೆಳತಿ. ಅವಳ ಕೈ ದಾಟಿ ಒಂದು ತಪ್ಪೂ ಆಚೆ ಹೋಗುವುದಿಲ್ಲ, ಅದಕ್ಕೇ ಆ ಹೆಸರು.

"ಒಂದು ಪ್ರೋಗ್ರಾಂ ತನ್ನ ಹತ್ರ ಇಲ್ಲದ ಫೈಲನ್ನ ಓದೋಕಾಗುತ್ತೇನೇ?"

"ಯಾವ ಪ್ರೋಗ್ರಾಂ?"

"ಸುಮ್ನೆ ಕೇಳ್ದೆ."

"ಸುಮ್ನೆ ಕೇಳೋಳಲ್ಲ ನೀನು," ಎಂದಳು. ಆಮೇಲೆ ಟೀ ಕಲಕತೊಡಗಿದಳು. ಅವಳು ಸಕ್ಕರೆ ಹಾಕಿಕೊಳ್ಳುವುದಿಲ್ಲ. ಏನನ್ನು ಕಲಕುತ್ತಿದ್ದಳು?


ಫೆಬ್ರವರಿ 6, ಗುರುವಾರ

ಬಟ್ಟೆ ಒಗೆಯಲು ಇವರ ಷರ್ಟ್ ಎತ್ತಿಕೊಂಡೆ. ಜೇಬಿನಲ್ಲಿ ಏನೋ ಗಟ್ಟಿ. ಪೆನ್ ಡ್ರೈವ್. ನೋಡುವಷ್ಟರಲ್ಲಿ ಇವರು ಬಂದು ಷರ್ಟ್ ಸಮೇತ ಕಿತ್ತುಕೊಂಡರು. ಕಿತ್ತುಕೊಂಡರು ಅನ್ನುವುದೇ ಸರಿ. ಆಮೇಲೆ ನಾಚಿಕೆಯಾಯಿತೋ ಏನೋ, ಷರ್ಟನ್ನು ನೀಟಾಗಿ ಮಡಚಿ ವಾಪಸ್ ಕೊಟ್ಟರು. ಜೇಬು ಖಾಲಿ.

"ಏನದು?"

"ಏನಿಲ್ಲ," ಎಂದಿತು ಲ್ಯಾಪ್‌ಟಾಪ್.

ಪ್ಯಾಂಟಿನ ಅಂಚಿಗೆ ಮಣ್ಣು. ದಿನಾ ವಾಕಿಂಗ್ ಹೋಗುತ್ತಾರೆ, ಲ್ಯಾಪ್‌ಟಾಪ್ ಚೀಲ ಹೆಗಲಿಗೆ ಹಾಕಿಕೊಂಡು. ದಾರಿಯಲ್ಲಿ ಯಾರಾದರೂ ಮಾತಾಡಿಸಿದರೆ ಬೇಕಲ್ಲ ಅಂದುಕೊಂಡಿದ್ದೆ. ಯಾರು ಆ ಯಾರಾದರೂ? ಷರ್ಟು ಮೂಸಿ ನೋಡಿದೆ. ಸೆಂಟಿನ ವಾಸನೆ ಇಲ್ಲ. ಧೂಳಿನ ವಾಸನೆ, ಕೊಳೆತ ಎಲೆಯ ವಾಸನೆ. ಪಾರ್ಕಿನದು ಇರಬೇಕು.

ಈ ವಯಸ್ಸಿನಲ್ಲಿ ಗಂಡನ ಷರ್ಟು ಮೂಸುವ ಕರ್ಮ.


ಫೆಬ್ರವರಿ 8, ಶನಿವಾರ

ಮತ್ತೆ ಕೇಳಿದೆ. ಈ ಸಲ ಕೋಣೆಯ ಬಾಗಿಲ ಹೊರಗೆ ನಿಂತು. ಬರಿಗಾಲಲ್ಲಿ. ಉಸಿರು ಹಿಡಿದು.

"ಇಲ್ಲೇ ಇರು. ಎಲ್ಲಿಗೂ ಹೋಗ್ಬೇಡ."

ಅದಾದ ಕೂಡಲೇ ಒಂದು ನಗು. ಹೆಣ್ಣಿನ ನಗು. ರೆಕಾರ್ಡಿಂಗ್ ನಿಲ್ಲಿಸುವ ಮೊದಲು ತಡೆಯಲಾಗದೆ ಹೊರಬಿದ್ದದ್ದು. ಕೊನೆಯಲ್ಲಿ ಬಿಕ್ಕಳಿಕೆಯಂಥ ಒಂದು ಸದ್ದು.

ಹಾಗೆ ಬಿಕ್ಕಳಿಸಿ ನಗುವವಳು ಲೋಕದಲ್ಲಿ ಒಬ್ಬಳೇ. ದಿನಾ ನನ್ನ ಪಕ್ಕದ ಕುರ್ಚಿಯಲ್ಲಿ ಕೂರುತ್ತಾಳೆ.

ಈಗ ಒಂದೊಂದೇ ಹೊಂದುತ್ತಿದೆ. ಆಪರೇಷನ್ನಿನ ಹಿಂದಿನ ವಾರ. ನಾನು ಇನ್ಶೂರೆನ್ಸ್ ಆಫೀಸಿಗೂ ಆಸ್ಪತ್ರೆಗೂ ಅಲೆಯುತ್ತಿದ್ದೆ. "ನಿನ್ನ ಪ್ರೋಗ್ರಾಂ ನಾನು ಟೆಸ್ಟ್ ಮಾಡ್ಕೊಡ್ತೀನಿ ಬಿಡೇ, ನೀನು ಹೋಗ್ಬಾ," ಎಂದು ಬಂದಿದ್ದಳು. ಒಂದಲ್ಲ, ಮೂರು-ನಾಲ್ಕು ಮಧ್ಯಾಹ್ನ. ನಾನು ಕೈ ಹಿಡಿದು ಥ್ಯಾಂಕ್ಸ್ ಹೇಳಿದ್ದೆ!

ಸಂಜೆ ಅವಳಿಂದ ಫೋನ್. "ಹೇಗಿದಾರೆ ನಿಮ್ಮನೆಯವ್ರು?"

"ನಿಂಗೇ ಗೊತ್ತಿರ್ಬೇಕು" ಎಂದು ಬಾಯಿಗೆ ಬಂದಿತ್ತು. ನುಂಗಿಕೊಂಡೆ. "ಪರವಾಗಿಲ್ಲ" ಎಂದೆ.


ಫೆಬ್ರವರಿ 10, ಸೋಮವಾರ

ಹೊಳೆಯಿತು. ಬಸ್ಸಿನಲ್ಲಿ, ನಿಂತಿದ್ದಾಗ. ನನ್ನ ತಲೆಗಿಷ್ಟು.

ಕೋಡಿನಲ್ಲಿ ನಾನು ಬರೆದದ್ದು ಬರೀ ಫೋಲ್ಡರ್ ಹೆಸರು — "ಮಾತು". ಯಾವ ಡ್ರೈವ್, ಯಾವುದರೊಳಗೆ ಅಂತ ಪೂರ್ತಿ ವಿಳಾಸ ಬರೆಯಲಿಲ್ಲ. ರಿಲೇಟಿವ್ ಪಾತ್. ವಿಳಾಸ ಕೇಳಿದರೆ "ಪಕ್ಕದ ಮನೆ" ಅಂದ ಹಾಗೆ. ಯಾರ ಪಕ್ಕದ ಮನೆ? ಪ್ರೋಗ್ರಾಂ ಎಲ್ಲಿ ನಿಂತು ಶುರುವಾಗುತ್ತದೋ ಅದರ ಪಕ್ಕದ್ದು. ನಾನು ಶುರು ಮಾಡುವುದು ಯಾವಾಗಲೂ ಅದರ ಸ್ವಂತ ಫೋಲ್ಡರಿನಿಂದ, ಹಾಗಾಗಿ ನನಗೆ ಕಾಣುವುದು ನನ್ನ "ಮಾತು". ಬೇರೆ ಜಾಗದಿಂದ ಶುರು ಮಾಡಿ, ಅಲ್ಲಿಯೂ "ಮಾತು" ಅಂತ ಒಂದು ಫೋಲ್ಡರ್ ಇದ್ದರೆ? ಪಾಪ ಪ್ರೋಗ್ರಾಂ ಕೇಳುವುದಿಲ್ಲ. ಅಲ್ಲಿರುವ ಬಟನ್ನುಗಳನ್ನು ತೋರಿಸುತ್ತದೆ, ಅಲ್ಲಿರುವ ದನಿಯನ್ನು ನುಡಿಸುತ್ತದೆ.

ಆಫೀಸಿನಲ್ಲಿ ಹೊಸಬರು ಹೀಗೆ ಬರೆದರೆ ಬೈಯುತ್ತೇನೆ. ಮನೆಯ ಕೆಲಸ ಅಂತ ಅವಸರದಲ್ಲಿ ನಾನೇ ಬರೆದೆ. ಮತ್ತು ಅದನ್ನು ಹಿಡಿದವಳು ಜರಡಿ. ಹಿಡಿದು ನನಗೆ ಹೇಳಲಿಲ್ಲ.

ಸಂಜೆ ಪ್ರೋಗ್ರಾಮಿಗೆ ಒಂದು ಸಾಲು ಸೇರಿಸಿದೆ. ಸ್ಕ್ರೀನಿನ ಕೆಳಗಡೆ, ಸಣ್ಣ ಅಕ್ಷರದಲ್ಲಿ, ಓದುತ್ತಿರುವ ಫೋಲ್ಡರಿನ ಪೂರ್ತಿ ವಿಳಾಸ ಕಾಣುವ ಹಾಗೆ. ಇವರಿಗೆ ಹೇಳಲಿಲ್ಲ.


ಫೆಬ್ರವರಿ 11, ಮಂಗಳವಾರ

ಬೀರುವಿನ ಕನ್ನಡಿಯಲ್ಲಿ ಕಂಡಿತು. ಇವರ ಬೆನ್ನು, ಅದರಾಚೆ ಸ್ಕ್ರೀನ್. ಅಕ್ಷರಗಳು ತಲೆಕೆಳಗಲ್ಲ, ಎಡಬಲ ಅದಲುಬದಲು. ಆದರೂ ಓದಿದೆ. ಇ ಡ್ರೈವ್. ಅಂದರೆ ಪೆನ್ ಡ್ರೈವ್. ಬಟನ್ನುಗಳೂ ಬೇರೆ, ನನ್ನವಕ್ಕಿಂತ ಹೆಚ್ಚು. ತುಂಬಾ ಹೆಚ್ಚು.

ನನ್ನ ಪ್ರೋಗ್ರಾಂ. ನಾನು ರಜೆ ಹಾಕಿ ಬರೆದದ್ದು. ಅದರೊಳಗೆ ಅವರಿಬ್ಬರ ಗುಟ್ಟಿನ ಮಾತು.

ಕೇಳಬಹುದಿತ್ತು. ಕೇಳಿದರೆ "ಏನಿಲ್ಲ" ಅಂತ ಒತ್ತುತ್ತಾರೆ.

ಸಂಜೆ ಇವರು ಸ್ನಾನದಲ್ಲಿದ್ದಾಗ ಸರಿ ಮಾಡಿದೆ. ಒಂದೇ ಸಾಲು. ಇನ್ನು ಎಲ್ಲಿಂದ ಶುರು ಮಾಡಿದರೂ ಪ್ರೋಗ್ರಾಂ ಓದುವುದು ತನ್ನ ಸ್ವಂತ ಫೋಲ್ಡರನ್ನೇ. ಪಕ್ಕದ ಮನೆಗೆ ಹೋಗುವ ಹಾಗಿಲ್ಲ. ಸರಿಯಾದ ಕೋಡ್ ಇದೇ. ಯಾರನ್ನು ಬೇಕಾದರೂ ಕೇಳಲಿ, ಇದೇ ಸರಿ.

ಊಟ ರುಚಿಯಾಗಿತ್ತು. ಬಹಳ ದಿನದ ಮೇಲೆ.


ಫೆಬ್ರವರಿ 12, ಬುಧವಾರ, ಬೆಳಿಗ್ಗೆ

ಇವರು ಬೇಗ ಎದ್ದರು. ಶೇವ್ ಮಾಡಿಕೊಂಡರು. ಇಸ್ತ್ರಿ ಮಾಡಿದ ಷರ್ಟ್. ಕುತ್ತಿಗೆಗೆ ಹೊಸ ಬಟ್ಟೆ. ಲ್ಯಾಪ್‌ಟಾಪ್ ಚೀಲ.

"ಇಷ್ಟು ಬೇಗ ಎಲ್ಲಿಗೆ?"

"ವಾಕಿಂಗ್," ಬಟನ್ ಒತ್ತಿ ಹೊರಟೇಬಿಟ್ಟರು. ವಾಕಿಂಗಿಗೆ ಇಸ್ತ್ರಿ!

ಆಫೀಸಿಗೆ ಬಂದೆ. ಪಕ್ಕದ ಕುರ್ಚಿ ಖಾಲಿ. ಜರಡಿ ಇವತ್ತು ರಜೆಯಂತೆ.

ಓಹೋ.


ಅದೇ ದಿನ, ಮಧ್ಯಾಹ್ನ

ಬರೆಯದೆ ಇದ್ದರೆ ತಲೆ ಸಿಡಿದುಹೋಗುತ್ತದೆ.

ಕೆಲಸ ಸಾಗದೆ ಅರ್ಧ ದಿನಕ್ಕೇ ಮನೆಗೆ ಬಂದೆ. ಸ್ವಲ್ಪ ಹೊತ್ತಿಗೆ ಬಾಗಿಲು ತಟ್ಟಿದ ಸದ್ದು. ಇವರು. ಜೊತೆಗೆ ತರಕಾರಿ ಮಾರುಕಟ್ಟೆಯ ತಕ್ಕಡಿಯವನು. ಇವರು ಹರಾಜು ಕೂಗುತ್ತಿದ್ದಾಗ ಪಕ್ಕದಲ್ಲೇ ನಿಂತು ತೂಗುತ್ತಿದ್ದವನು, ಇವರನ್ನು ಅಣ್ಣ ಅನ್ನುತ್ತಾನೆ. ಅವನ ಕೈಯಲ್ಲಿ ಚೀಲ. ಇವರು ನನ್ನತ್ತ ನೋಡದೆ ನೇರ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.

"ಏನಾಯ್ತು? ಮಾರ್ಕೆಟ್ಟಿಗ್ಯಾಕೆ ಹೋದ್ರು? ಧೂಳಿಗೆ ಹೋಗ್ಬಾರ್ದು ಅಂತ ಡಾಕ್ಟ್ರು..."

"ಗೊತ್ತು ಅತ್ತಿಗೆ. ನೀವು ಬೇಡ ಅಂತೀರ ಅಂತಾನೇ ನಿಮಗೆ ಹೇಳಿರ್ಲಿಲ್ಲ." ಬಾಗಿಲಲ್ಲೇ ನಿಂತು, ಚಪ್ಪಲಿ ಬಿಡದೆ, ತಗ್ಗಿದ ದನಿಯಲ್ಲಿ ಹೇಳಿದ. "ಅಣ್ಣ ಗಂಟಲು ಹೋಗೋಕೆ ಮುಂಚೆ ಹರಾಜಿನ ಕೂಗೆಲ್ಲ ರೆಕಾರ್ಡ್ ಮಾಡಿಟ್ಕೊಂಡಿದ್ರು. ಅಂಕಿ, ತರಕಾರಿ ಹೆಸರು, ತಮಾಷೆ, ಎಲ್ಲ. ಇಷ್ಟು ದಿನ ಬಂದು ಗೋಡೌನ್ ಹಿಂದೆ ಪ್ರಾಕ್ಟೀಸ್ ಮಾಡ್ತಿದ್ರು. ಇವತ್ತು ಮತ್ತೆ ಕೂಗ್ತಾರೆ ಅಂತ ಎಲ್ಲಾರಿಗೂ ಹೇಳಿದ್ವಿ. ಜನ ಕಿಕ್ಕಿರಿದು ಬಂದಿದ್ರು."

"ಆಮೇಲೆ?"

"ಲ್ಯಾಪ್‌ಟಾಪ್ ಮೈಕಿನ ಮುಂದೆ ಇಟ್ವಿ. ಬಿಸಿಲಿಗೆ ಸ್ಕ್ರೀನ್ ಸರಿಯಾಗಿ ಕಾಣ್ತಿರ್ಲಿಲ್ಲ, ಅಣ್ಣ ಕೈ ಅಭ್ಯಾಸದ ಮೇಲೆ ಒತ್ತಿದ್ರು. ಮೊದಲ ರಾಶಿ ಈರುಳ್ಳಿ. ಮೈಕಲ್ಲಿ 'ಸ್ವಲ್ಪ ನೀರು ಕೊಡು' ಅಂತ ಬಂತು. ಯಾರೋ ಪಾಪ ಓಡಿಹೋಗಿ ನೀರು ತಂದ್ರು. ಇನ್ನೊಂದು ಒತ್ತಿದ್ರು. 'ತುಂಬಾ ನೋವಾಗ್ತಿದೆ' ಅಂತು. ಮೂರನೇದು..." ಅವನು ತಲೆ ತಗ್ಗಿಸಿದ. "ಬಾತ್‌ರೂಮಿಗೆ ಹೋಗ್ಬೇಕು ಅಂತು ಅತ್ತಿಗೆ. ಅಷ್ಟು ದೊಡ್ಡ ಮೈಕಲ್ಲಿ. ಹಿಂದಿನ ಸಾಲಿನವರು ನಕ್ಕುಬಿಟ್ರು."

ನಾನು ಅವನ ಕೈಯಿಂದ ಚೀಲ ಇಸಿದುಕೊಂಡೆ.

"ನಿನ್ನೆವರ್ಗೂ ಸರಿಯಾಗಿತ್ತಲ್ಲ, ಏನಾಯ್ತೋ ಏನೋ," ಎಂದ. ನನ್ನನ್ನು ಅನುಮಾನಿಸಿ ಕೇಳಿದ್ದಲ್ಲ. ಅವನಿಗೆ ಅನುಮಾನ ಅನ್ನುವುದೇ ಬರುವುದಿಲ್ಲ ಅನ್ನಿಸುತ್ತದೆ.

ಅವನು ಹೋದ ಮೇಲೆ ಬಾಲ್ಕನಿಯಿಂದ ನೋಡಿದೆ, ಗೇಟಿನ ಹತ್ತಿರ ಜರಡಿ ನಿಂತಿದ್ದಳು. ಮೇಲೆ ನೋಡಿದಳು. ಒಳಗೆ ಬರಲಿಲ್ಲ.


ಫೆಬ್ರವರಿ 13, ಗುರುವಾರ

ಲ್ಯಾಪ್‌ಟಾಪ್ ಚೀಲದಿಂದ ಹೊರಗೆ ಬಂದಿಲ್ಲ. ನೀರು ಬೇಕಾದರೆ ಇವರೇ ಎದ್ದು ಹೋಗಿ ಕುಡಿಯುತ್ತಾರೆ.


ಫೆಬ್ರವರಿ 19, ಬುಧವಾರ

ಇಷ್ಟು ದಿನ ಬರೆಯಲು ಏನೂ ಇರಲಿಲ್ಲ. ಮನೆಯಲ್ಲಿ ಸದ್ದಿಲ್ಲ. ಇವರು ಬರೆದು ತೋರಿಸುವುದೂ ಇಲ್ಲ. ಮೊದಲಿನಿಂದಲೂ ಬರೆಯುವುದೆಂದರೆ ಆಗದು, ಕೂಗಿ ಬದುಕಿದ ಮನುಷ್ಯ. ಪ್ರೋಗ್ರಾಂ ಬದಲಿಸಿದ್ದು ನಾನೇ, ಕ್ಷಮಿಸಿ ಎಂದೆ. ಎರಡು ಸಲ ಎಂದೆ. ತಲೆಯಾಡಿಸಿದರು, ಹೌದು ಅಂತಲೋ ಇಲ್ಲ ಅಂತಲೋ ತಿಳಿಯಲಿಲ್ಲ.

ಜರಡಿಯ ಜೊತೆಗೂ ಮಾತಿರಲಿಲ್ಲ. ಇವತ್ತು ಆಫೀಸಿನ ಮೆಟ್ಟಿಲ ಮೇಲೆ ತಡೆದು ನಿಲ್ಲಿಸಿದಳು.

"ಪಾತ್ ಬದಲಾಯಿಸಿದ್ದು ನೀನೇ ತಾನೇ?"

"ಹೌದು."

"ಯಾಕೆ?"

"ನಿನ್ನ ನಗು ಕೇಳಿಸ್ತು."

ಅವಳಿಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಆಮೇಲೆ ಮುಖ ನೋಡಬೇಕಿತ್ತು. "ಅಯ್ಯೋ ನಿನ್ನ ತಲೆಗಿಷ್ಟು ಬೆಂಕಿ ಹಾಕ!" ಮೆಟ್ಟಿಲ ಮೇಲೆ ಕುಸಿದು ಕೂತಳು. ನಗುತ್ತಾಳೆ ಅಂದುಕೊಂಡೆ, ನಗಲಿಲ್ಲ. "ಟೆಸ್ಟ್ ಮಾಡೋಕೆ ಬಂದ ದಿನ ಅವ್ರು ಎಲ್ಲಾ ಬಟನ್ ಒತ್ತಿ ನೋಡಿದ್ರು. ನೋಡಿ, 'ಇವೆಲ್ಲ ಪೇಷಂಟಿನ ಮಾತಾಯ್ತಲ್ಲ, ನನ್ನ ಮಾತೆಲ್ಲಿ?' ಅಂದ್ರು. ಹೆಂಡ್ತಿಗೆ ಹೇಳಿ ಹಾಕಿಸ್ಕೊಳ್ಳಿ ಅಂದೆ. 'ಅವಳ ಎದುರು ಕೂತ್ರೆ ಅವಳ ಕಣ್ಣು ತುಂಬ್ಕೊಳ್ಳುತ್ತೆ, ನಾನು ನೀರು ಕೊಡು, ಸೂಪ್ ಕೊಡು ಅಂದು ಎದ್ಬಿಡ್ತೀನಿ' ಅಂದ್ರು. ಇರೋ ದನಿ ಇನ್ನು ನಾಲ್ಕು ದಿನದ್ದು. ಏನ್ಮಾಡ್ಬೇಕಿತ್ತು ನಾನು?"

"ನನಗೆ ಹೇಳ್ಬೇಕಿತ್ತು."

"ಹೇಳ್ಬೇಡಿ ಅಂದ್ರು. ಮಾರ್ಕೆಟ್ಟಿನಲ್ಲಿ ಗೆದ್ದ ಮೇಲೆ ತಾನೇ ಹೇಳ್ತೀನಿ ಅಂದ್ರು. ನಿನ್ನ ಕೋಡನ್ನ ನಾನು ಮುಟ್ಟಿಲ್ಲ ಕಣೇ. ಪಾತ್ ಹಾಗಿರೋದು ನೋಡಿದೆ, ಪೆನ್ ಡ್ರೈವಿನಿಂದ ಶುರು ಮಾಡೋದು ಹೇಳ್ಕೊಟ್ಟೆ, ಅಷ್ಟೇ. ಮತ್ತೆ ಆ ನಗು... ಅವ್ರು ಅದೊಂದು ಮಾತು ಹೇಳುವಾಗ ನನ್ನ ಗೋಡೆ ಕಡೆ ತಿರುಗಿ ಕೂರಿಸಿದ್ರು. ನಾಚಿಕೆ ಅಂತೆ! ಅಷ್ಟು ದೊಡ್ಡ ಆಳು. ನಗು ತಡೆಯೋಕಾಗ್ಲಿಲ್ಲ."

"ಯಾರಿಗೆ ಹೇಳಿದ್ದು ಆ ಮಾತು?"

ಜರಡಿ ನನ್ನನ್ನೇ ನೋಡಿದಳು. ಎಂಥ ದಡ್ಡಿ ಇವಳು ಅನ್ನುವ ಹಾಗೆ.


ಫೆಬ್ರವರಿ 20, ಗುರುವಾರ

ಪೆನ್ ಡ್ರೈವ್ ಮೇಜಿನ ಮೇಲೇ ಇತ್ತು. ಇವರು ಬಾಲ್ಕನಿಯಲ್ಲಿದ್ದರು. ಕೈ ಹೋಯಿತು. ಇನ್ನೂ ಒಂದು ಮೂಲೆಯಲ್ಲಿ ಅನುಮಾನ — ಜರಡಿ ಹೇಳಿದ್ದು ಪೂರ್ತಿ ನಿಜವಾ, ಬೇರೆ ಇನ್ನೇನಿದೆ ಅದರಲ್ಲಿ? ಕೈ ಹಿಂದಕ್ಕೆ ತೆಗೆದುಕೊಂಡೆ. ಸುಲಭವಾಗಿರಲಿಲ್ಲ.

ಕೋಡ್ ಮತ್ತೆ ಬದಲಿಸಿದೆ. ಶುರುವಾದ ಜಾಗದಲ್ಲಿ "ಮಾತು" ಇದ್ದರೆ ಅದನ್ನೇ ಓದು. ಇಲ್ಲದಿದ್ದರೆ ಮಾತ್ರ ಮನೆಯದು. ಈ ಸಲ ಅವಸರದ ತಪ್ಪಲ್ಲ, ಬೇಕೆಂದೇ ಬರೆದದ್ದು.

ಬಾಲ್ಕನಿಗೆ ಹೋಗಿ ಹೇಳಿದೆ. "ನಿಮ್ಮದು ಓದುತ್ತೆ ಈಗ. ನಾನು ಒಳಗೇನಿದೆ ನೋಡಿಲ್ಲ."

ತಿರುಗಿ ನೋಡಿದರು. ನಂಬಲಿಲ್ಲ. ನಂಬಬೇಕು ಅಂತ ನಾನಾದರೂ ಯಾವ ಬಾಯಲ್ಲಿ ಹೇಳಲಿ?


ಫೆಬ್ರವರಿ 23, ಭಾನುವಾರ

ಜಗಳ ಆಯಿತು! ಎಷ್ಟೋ ತಿಂಗಳಿಗೆ!

ಬೆಳಿಗ್ಗೆ ಸೂಪ್ ಇಟ್ಟೆ. ಇವರು ಬಟ್ಟಲು ಸರಿಸಿದರು. ಲ್ಯಾಪ್‌ಟಾಪ್ ತಂದು, ಪೆನ್ ಡ್ರೈವ್ ಚುಚ್ಚಿ, ನನಗೆ ಕಾಣುವ ಹಾಗೆಯೇ ತೆರೆದರು.

"ಇದು ಬೇಡ. ಬೇಡ ಅಂದ್ರೆ ಬೇಡ." ದೊಡ್ಡ ದನಿ. ಮಾರುಕಟ್ಟೆಯ ದನಿ.

ಬೆಚ್ಚಿಬಿದ್ದೆ. "ಗಂಟಲಿಗೆ ಒಳ್ಳೇದು ಅಂತ ತಾನೇ..."

ಬಟನ್ ಹುಡುಕಿದರು. "ನನ್ನನ್ನ ಕೇಳಿದ್ಯಾ?"

"ಕೇಳಿದ್ರೆ ನೀವು ಏನಿಲ್ಲ ಅಂತ ಒತ್ತಿದ್ರಿ! ಷರ್ಟು ಕಿತ್ಕೊಂಡ್ರಿ! ಅವಳ ಹತ್ರ ಹೇಳೋಕಾಗುತ್ತೆ, ಹೆಂಡ್ತಿ ಹತ್ರ ಹೇಳೋಕಾಗಲ್ಲ! ನಾನು ಏನಂದ್ಕೊಬೇಕಿತ್ತು?"

ಮತ್ತೆ ಹುಡುಕಾಟ. ಬೆರಳು ಮೇಲೆ ಹೋಯಿತು, ಕೆಳಗೆ ಬಂತು. ಸಿಗಲಿಲ್ಲ. ನಾನು ಬಾಯಿಯವರೆಗೆ ಬಂದದ್ದನ್ನು ತಡೆದು ನಿಂತೆ. ಜಗಳದ ಮಧ್ಯೆ ಎದುರಾಳಿಗೆ ಮಾತು ಸಿಗಲಿ ಅಂತ ಕಾಯುವುದು ಎಂಥ ಕಷ್ಟ! ಕೊನೆಗೆ ಸಿಕ್ಕಿತು.

"ಅನುಮಾನದ ಪಿಶಾಚಿ."

ಇದನ್ನು ಮುಂಚೆಯೇ ರೆಕಾರ್ಡ್ ಮಾಡಿಟ್ಟಿದ್ದಾರೆ! ಆಪರೇಷನ್ನಿಗೆ ಮುಂಚೆ! ಅಂದರೆ ಬೇಕಾಗುತ್ತದೆ ಅಂತ ಗೊತ್ತಿತ್ತು! ನನಗೆ ನಗು ಬಂತು, ಆಮೇಲೆ ಅಳು. ಇವರ ಭುಜ ಕುಲುಕುತ್ತಿತ್ತು. ನಗುವಾಗ ಈಗ ಸದ್ದು ಬರುವುದಿಲ್ಲ, ಕುತ್ತಿಗೆಯ ತೂತಿನಿಂದ ಉಸಿರು ನುಗ್ಗಿ ಅದರ ಮೇಲಿನ ಬಟ್ಟೆ ಮಾತ್ರ ಹಾರುತ್ತದೆ.

ನಾನು ಮೂಗು ಒರೆಸಿಕೊಂಡು ಮುಖ ತೊಳೆಯಲು ಎದ್ದೆ. ಆಗ ಆ ಬಟನ್ ಒತ್ತಿದರು.

ಕೂತೆ. ಕೊನೆಯಲ್ಲಿ ಜರಡಿಯ ನಗು ಬಂತು. ಬರಲಿ.


ಮಾರ್ಚ್ 5, ಬುಧವಾರ, ಬೆಳಿಗ್ಗೆ, ಹರಾಜು ಕಟ್ಟೆ

ಡಾಕ್ಟರನ್ನು ಕೇಳಿದೆವು. ಇಬ್ಬರೂ ಹೋಗಿ. ಒದ್ದೆ ಬಟ್ಟೆ ಕಟ್ಟಿಕೊಂಡು, ಬೆಳಗಿನ ಹೊತ್ತು ಮಾತ್ರ, ಎಂದರು.

ನನ್ನನ್ನು ಮೂಟೆಗಳ ಪಕ್ಕ ಒಂದು ಸ್ಟೂಲಿನ ಮೇಲೆ ಕೂರಿಸಿದ್ದಾರೆ. ಲ್ಯಾಪ್‌ಟಾಪಿನ ಹತ್ತಿರ ಬರಕೂಡದಂತೆ. ಅದಕ್ಕೇ ಇಲ್ಲಿ ಕೂತು ಬರೆಯುತ್ತಿದ್ದೇನೆ. ಸ್ಕ್ರೀನಿಗೆ ನೆರಳಾಗಲೆಂದು ತಕ್ಕಡಿಯವನು ಛತ್ರಿ ಹಿಡಿದಿದ್ದಾನೆ. ಜರಡಿ ರಜೆ ಹಾಕಿ ಬಂದಿದ್ದಾಳೆ. ಇಬ್ಬರೂ ಆಗಾಗ ನನ್ನ ಕಡೆ ನೋಡಿ ಏನೋ ಪಿಸುಗುಡುತ್ತಾರೆ. ಏನಿರಬಹುದು?

ಈರುಳ್ಳಿ ಹೋಯಿತು. ಒಳ್ಳೆ ಬೆಲೆಗೆ. ಯಾರೂ ನಗಲಿಲ್ಲ — ಅಲ್ಲ, ನಕ್ಕರು, ಇವರು ನಗಿಸಿದಾಗ. "ನೋಡ್ತಾ ನಿಂತ್ರೆ ಸಾರಾಗಲ್ಲ ಸ್ವಾಮಿ, ಬೆಲೆ ಹೇಳಿ!" ಈ ದನಿ ಕೇಳಿ ಒಬ್ಬ ಮುದುಕ ತಲೆಯ ಮೇಲಿನ ಬುಟ್ಟಿ ಇಳಿಸಿ ನಿಂತೇಬಿಟ್ಟ.

ಈಗ ಕುಂಬಳಕಾಯಿ. ಒಂದು ಗಾಡಿಯ ತುಂಬ. ಇಲ್ಲಿ ಕೊಳ್ಳುವವರು ಬಾಯಿ ಬಿಡುವುದಿಲ್ಲ. ಬೆರಳೋ ಕೈಯೋ ಒಂಚೂರು ಎತ್ತಿದರೆ ಸಾಕು, ಬೆಲೆ ಕೂಗಿದ ಲೆಕ್ಕ. ಇವರ ಕಣ್ಣಿಗೆ ಅದೆಲ್ಲ ಹೇಗೆ ಬೀಳುತ್ತದೋ. ಬಿಸಿಲು ನೇರ ಮುಖಕ್ಕೆ. ಪೆನ್ನು ಹಿಡಿದ ಕೈಯನ್ನೇ ಹಣೆಗೆ ಅಡ್ಡ ಇಟ್ಟುಕೊಂಡು ನೋಡಿದೆ. ಇವರು ಬಟನ್ ಬಿಟ್ಟು ನನ್ನತ್ತ ಬೆರಳು ತೋರಿಸಿದರು. ಯಾಕೆ? ಎಲ್ಲರೂ ತಿರುಗಿದ್ದಾರೆ. ಜರಡಿ ಬಾಯಿಗೆ ಕೈ ಅಡ್ಡ ಹಿಡಿದಿದ್ದಾಳೆ. ಮೈಕಿನಲ್ಲಿ, "ಒಂದು ಸಾರಿ!" ರೀ, ನಾನು ಬಿಸಿಲಿಗೆ ಎತ್ತಿದ್ದು! "ಎರಡು ಸಾರಿ!" ನಗುತ್ತಿದ್ದಾರೆ, ಬಟ್ಟೆ ಹಾರುತ್ತಿದೆ, ಬೇಕೆಂದೇ ಮಾಡುತ್ತಿದ್ದಾರೆ ಈ ಮನುಷ್ಯ, ಇಷ್ಟು ಕುಂಬಳಕಾಯಿ ತಗೊಂಡು ನಾನು ಏನು —